ಬೀಳುವುದೂ ಒಂದು ವಿದ್ಯೆ

2024ರ ಜೂನ್ 23, ಭಾನುವಾರ. ಬೆಳಿಗ್ಗೆ 7 ಗಂಟೆ 10 ನಿಮಿಷ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯ. ಅಲ್ಲಿನ ಬಯಲಿನ ಮೇಲೆ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್, ತಾನು ಹೊತ್ತು ತಂದಿದ್ದ ರೆಕ್ಕೆಯ ವಾಹನವೊಂದನ್ನು ಕಳಚಿ ಬಿಟ್ಟಿತು. ವಾಹನದ ಹೆಸರು ‘ಪುಷ್ಪಕ್’. ಎಂಜಿನ್ನಿನ ನೆರವಿಲ್ಲ, ಒಳಗೆ ಚಾಲಕನಿಲ್ಲ. ಗಾಳಿಯನ್ನೇ ನಂಬಿಕೊಂಡು, ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುತ್ತ ಅದು ಓಡುದಾರಿಯ ನಡುಗೆರೆಗೇ ಬಂದು ಇಳಿಯಿತು. ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಮರುಕ್ಷಣ ಅದರ ಬಾಲದಲ್ಲಿ ಒಂದು ಪ್ಯಾರಾಚೂಟ್ ಅರಳಿತು. ವೇಗ ಸುಮಾರು 100 ಕಿ.ಮೀ.ಗೆ ಇಳಿಯಿತು. 2023ರ ಏಪ್ರಿಲ್ 2 ಮತ್ತು 2024ರ ಮಾರ್ಚ್ 22ರ ನಂತರ ಇದು ಇಸ್ರೋ ಇದೇ ನೆಲದಲ್ಲಿ ನಡೆಸಿದ ಮೂರನೆಯ ಯಶಸ್ವಿ ಪ್ರಯೋಗ.

ಪುಷ್ಪಕ್ ಯಂತ್ರ, ಅದಕ್ಕೆ ಎದೆ ಡವಗುಟ್ಟುವುದಿಲ್ಲ. ಹೆಚ್ಚುಕಡಿಮೆ ಅಂಥದೇ ಎತ್ತರದಿಂದ ಒಬ್ಬ ಮನುಷ್ಯ, ಅದೂ ಹಿಂದೆಂದೂ ಜಿಗಿಯದ ಮನುಷ್ಯ, ಕೆಳಗೆ ಬಂದರೆ? ಜಗತ್ತಿನ ಅನೇಕ ದೇಶಗಳಲ್ಲಿ ದಿನನಿತ್ಯ ಇದು ನಡೆಯುತ್ತಿದೆ. ಕಾಲೇಜು ಹುಡುಗರು ಜಿಗಿಯುತ್ತಾರೆ, ಅಜ್ಜಿಯರೂ ಜಿಗಿಯುತ್ತಾರೆ. 2022ರಲ್ಲಿ ಸ್ವೀಡನ್ನಿನ ರುಟ್ ಲಾರ್ಸನ್ ಎಂಬ ಮಹಿಳೆ ಜಿಗಿದಾಗ ಅವರಿಗೆ 103 ವರ್ಷ! ಇವರಾರೂ ಒಂಟಿಯಾಗಿ ಜಿಗಿದವರಲ್ಲ. ಬೆನ್ನಿಗೆ ಒಬ್ಬ ನುರಿತ ಶಿಕ್ಷಕನನ್ನು ಕಟ್ಟಿಕೊಂಡು ಜಿಗಿದವರು. ಇದಕ್ಕೇ ‘ಟ್ಯಾಂಡೆಮ್ ಸ್ಕೈಡೈವಿಂಗ್’ ಅಥವಾ ಜೋಡಿ ಜಿಗಿತ ಎಂದು ಹೆಸರು.

ಇಬ್ಬರಿಗೆ ಒಂದೇ ಕೊಡೆ

ಪ್ಯಾರಾಚೂಟಿನ ಕಥೆ ಹಳೆಯದು. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಆಂದ್ರೆ ಜಾಕ್ ಗಾರ್ನರಾಂ ಎಂಬಾತ ಬಲೂನಿನಲ್ಲಿ ಮೇಲೇರಿ, ಬಟ್ಟೆಯ ಕೊಡೆಯಡಿ ಕಟ್ಟಿದ ಬುಟ್ಟಿಯಲ್ಲಿ ನಿಂತು ಕೆಳಗಿಳಿದ. ಕೊಡೆ ಲೋಲಕದಂತೆ ಆ ಕಡೆಗೂ ಈ ಕಡೆಗೂ ಭಯಂಕರವಾಗಿ ತೂಗಾಡಿತು. ಒಳಗೆ ಸಿಕ್ಕಿಬಿದ್ದ ಗಾಳಿ ಅಂಚಿನಿಂದ ಒಮ್ಮೆ ಇತ್ತ, ಒಮ್ಮೆ ಅತ್ತ ನುಗ್ಗಿದ್ದೇ ಇದಕ್ಕೆ ಕಾರಣ. ಕೊಡೆಯ ನೆತ್ತಿಯಲ್ಲಿ ಒಂದು ಕಿಂಡಿ ಬಿಟ್ಟರೆ ತೂಗಾಟ ತಗ್ಗುತ್ತದೆಂದು ನಂತರದವರು ಕಂಡುಕೊಂಡರು.

ಇಂದಿನ ಸಾಹಸಿಗಳು ಬಳಸುವ ಪ್ಯಾರಾಚೂಟ್ ಗುಂಡಗಿಲ್ಲ. ಅದು ಆಯತಾಕಾರದ, ಒಳಗೆ ಗೂಡುಗೂಡಾಗಿ ಹೊಲಿದ ಬಟ್ಟೆಯ ರೆಕ್ಕೆ. ಮುಂದಿನ ಬಾಯಿಂದ ಗಾಳಿ ನುಗ್ಗಿ ಗೂಡುಗಳು ಉಬ್ಬುತ್ತವೆ. ಬಟ್ಟೆ ವಿಮಾನದ ರೆಕ್ಕೆಯಂತೆ ವರ್ತಿಸುತ್ತದೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಈ ವಿನ್ಯಾಸದಿಂದಾಗಿ ಧುಮುಕುಕೊಡೆಗೆ ಚುಕ್ಕಾಣಿ ಸಿಕ್ಕಿತು. 1980ರ ದಶಕದ ಮೊದಲಲ್ಲಿ ಅಮೆರಿಕದ ಬಿಲ್ ಬೂತ್ ಮತ್ತು ಟೆಡ್ ಸ್ಟ್ರಾಂಗ್ ಇಬ್ಬರ ಭಾರ ತಡೆಯುವ ಜೋಡಿ ಸರಂಜಾಮನ್ನು ಬಳಕೆಗೆ ತಂದರು. ಹೊಸಬನ ಮೈಗೆ ಪಟ್ಟಿಗಳ ಕವಚ; ಅದನ್ನು ಭುಜದ ಬಳಿ ಎರಡು, ಸೊಂಟದ ಬಳಿ ಎರಡು ಕೊಂಡಿಗಳಿಂದ ಶಿಕ್ಷಕನ ಕವಚಕ್ಕೆ ಬಿಗಿಯುತ್ತಾರೆ. ಪ್ಯಾರಾಚೂಟಿನ ಗಂಟು ಶಿಕ್ಷಕನ ಬೆನ್ನಿನ ಮೇಲೆ. ಅದರೊಳಗೆ ಒಂದಲ್ಲ, ಎರಡು ಪ್ಯಾರಾಚೂಟುಗಳು: ಮುಖ್ಯವಾದದ್ದು ಒಂದು, ಆಪತ್ತಿಗೆ ಮತ್ತೊಂದು.

ನೆಲದ ಮೇಲಿನ ಪಾಠ

ಮೊದಲ ಬಾರಿ ಜೋಡಿ ಜಿಗಿತಕ್ಕೆ ಹೋದವರಿಗೆ ಪಾಠ ಶುರುವಾಗುವುದು ನೆಲದ ಮೇಲೆ, ಅದೂ ಅರ್ಧ ಗಂಟೆಯಷ್ಟೇ. ಕಲಿಯಬೇಕಾದದ್ದು ಮುಖ್ಯವಾಗಿ ಎರಡು ಭಂಗಿ. ಎರಡೂ ಶಾಲೆಯ ಯೋಗಾಸನ ತರಗತಿಯಲ್ಲಿ ಕುಳಿತ ಮಕ್ಕಳಿಗೆ ಹೊಸತೇನಲ್ಲ.

ಒಂದು, ಬೀಳುವಾಗಿನ ಭಂಗಿ. ಹೊಟ್ಟೆ ಮುಂದೆ, ತಲೆ ಹಿಂದಕ್ಕೆ, ಕಾಲುಗಳು ಹಿಂದಕ್ಕೆ ಮಡಚಿ ಶಿಕ್ಷಕನ ಕಾಲುಗಳ ನಡುವೆ. ನೋಡಿದರೆ ಧನುರಾಸನದ ನೆನಪಾಗುತ್ತದೆ. ಬಿಲ್ಲಿನಂತೆ ಬಾಗಿದ ದೇಹದ ಭಾರಕೇಂದ್ರ ಕೆಳಗಿರುತ್ತದೆ. ಹಾಗಾಗಿ ಹೊಟ್ಟೆ ನೆಲದ ಕಡೆಗೇ ಇರುತ್ತದೆ, ಮಗುಚಿಕೊಳ್ಳುವುದಿಲ್ಲ. ಬ್ಯಾಡ್ಮಿಂಟನ್ನಿನ ಹಕ್ಕಿಯನ್ನು ಹೇಗೆ ಎಸೆದರೂ ಅದರ ಬಿರಡೆ ಮುಂದಾಗಿಯೇ ಬೀಳುವುದಿಲ್ಲವೆ, ಹಾಗೆ.

ಎರಡು, ಇಳಿಯುವಾಗಿನ ಭಂಗಿ. ನೆಲ ಹತ್ತಿರ ಬಂದಂತೆ ಎರಡೂ ಕಾಲುಗಳನ್ನು ಮುಂದೆ ಚಾಚಿ ಎತ್ತಿ ಹಿಡಿಯಬೇಕು. ದಂಡಾಸನದಲ್ಲಿ ಕುಳಿತಂತೆ ಎನ್ನಿ. ಇದನ್ನು ಮರೆತು ಕಾಲು ಜೋಲು ಬಿಟ್ಟರೆ ಇಬ್ಬರ ಭಾರವೂ ಹೊಸಬನ ಕಣಕಾಲಿನ ಮೇಲೆ ಬೀಳುತ್ತದೆ. ಜೋಡಿ ಜಿಗಿತದಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಆಕಾಶದಲ್ಲಿ ಆಗುವುದಿಲ್ಲ, ಕೊನೆಯ ಎರಡು ಅಡಿಯಲ್ಲಿ ಆಗುತ್ತವೆ.

ಬಾಗಿಲಿನ ಬಳಿ

ವಿಮಾನ ಹತ್ತು ಸಾವಿರ ಅಡಿಗೆ, ಅಂದರೆ ನೆಲದಿಂದ ಸುಮಾರು ಮೂರು ಕಿಲೋಮೀಟರ್ ಮೇಲಕ್ಕೆ ಏರಲು ಹದಿನೈದು–ಇಪ್ಪತ್ತು ನಿಮಿಷ ಬೇಕು. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರದ ಕಟ್ಟೆ ಸುಮಾರು 50 ಮೀಟರ್ ಎತ್ತರವಿದೆ. ಅಂಥ ಅರವತ್ತು ಕಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು. ಮೇಲೆ ಹೋದಂತೆ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಚಳಿ ಹೆಚ್ಚುತ್ತದೆ. ಕೆಳಗೆ 32 ಡಿಗ್ರಿ ಸೆಕೆಯಿದ್ದರೆ ಬಾಗಿಲು ತೆರೆದಾಗ ಮುಖಕ್ಕೆ ರಾಚುವ ಗಾಳಿ 12–13 ಡಿಗ್ರಿಯದು.

ಜಿಗಿದವರು ಹೇಳುವ ಮಾತೊಂದಿದೆ: ಭಯವೆಲ್ಲ ಬಾಗಿಲಿನವರೆಗೆ. ಹೊರಗೆ ಬಿದ್ದ ಮೇಲೆ ಭಯಪಡಲು ಪುರುಸೊತ್ತಿರುವುದಿಲ್ಲ. ಇನ್ನೊಂದು ವಿಚಿತ್ರ, ಹೊಟ್ಟೆಯಲ್ಲಿ ಕಲಸಿದಂತಾಗುವುದೂ ಇಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯ ತಿರುಗುತೊಟ್ಟಿಲಿನಲ್ಲಿ ಕೆಳಗಿಳಿಯುವಾಗ ಕರುಳು ಬಾಯಿಗೆ ಬಂದಂತಾಗುತ್ತದಲ್ಲ, ಮೂರು ಕಿಲೋಮೀಟರ್ ಬೀಳುವವರಿಗೆ ಅದಾಗಬೇಡವೆ? ಇಲ್ಲ. ವಿಮಾನ ಮುಂದಕ್ಕೆ ಓಡುತ್ತಿರುವುದರಿಂದ ಜಿಗಿದವನಿಗೂ ಆ ಮುನ್ನಡೆಯ ವೇಗ ಇದ್ದೇ ಇರುತ್ತದೆ. ಬಾಗಿಲು ದಾಟಿದ ಕ್ಷಣದಿಂದಲೇ ಗಾಳಿ ಮೈಯನ್ನು ಒತ್ತಿ ಹಿಡಿಯುತ್ತದೆ. ಮುನ್ನುಗ್ಗುವ ವೇಗ ನಿಧಾನವಾಗಿ ಕೆಳಮುಖ ವೇಗವಾಗಿ ಬದಲಾಗುತ್ತದೆ. ಹಾಗಾಗಿ ಬಿದ್ದಂತೆ ಅನ್ನಿಸುವುದಿಲ್ಲ, ಬಿರುಗಾಳಿಯ ಹಾಸಿಗೆಯ ಮೇಲೆ ಮಲಗಿದಂತೆ ಅನ್ನಿಸುತ್ತದೆ.

ಈಗ ಸ್ವಲ್ಪ ಲೆಕ್ಕ. ಗಾಳಿಯೇ ಇಲ್ಲದಿದ್ದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತ ಹೋಗುತ್ತದೆ. ಹತ್ತು ಸೆಕೆಂಡಿನ ಕೊನೆಗೆ ಗಂಟೆಗೆ 350 ಕಿ.ಮೀ. ಮೀರುತ್ತದೆ. ಆದರೆ ಗಾಳಿ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಒಂದು ಹಂತದಲ್ಲಿ ತಡೆಯೂ ಭಾರವೂ ಸಮವಾಗುತ್ತವೆ. ಆಮೇಲೆ ವೇಗ ಹೆಚ್ಚುವುದಿಲ್ಲ. ಇದೇ ಪಠ್ಯಪುಸ್ತಕದ ‘ಅಂತಿಮ ವೇಗ’. ಹೊಟ್ಟೆ ಅಡಿಯಾಗಿ ಬೀಳುವ ಒಬ್ಬ ಮನುಷ್ಯನಿಗೆ ಇದು ಗಂಟೆಗೆ ಸುಮಾರು 195 ಕಿ.ಮೀ.

ಜೋಡಿಯಾಗಿ ಬಿದ್ದರೆ? ಭಾರ ಇಮ್ಮಡಿಯಾಯಿತು, ಆದರೆ ಒಬ್ಬರ ಮೇಲೊಬ್ಬರು ಇರುವುದರಿಂದ ಗಾಳಿಗೆ ಒಡ್ಡಿದ ಮೈ ಹೆಚ್ಚುಕಡಿಮೆ ಒಬ್ಬರದೇ. ವೇಗ ಎರಡರ ವರ್ಗಮೂಲದಷ್ಟು ಪಟ್ಟು ಹೆಚ್ಚಿ 270 ದಾಟುತ್ತದೆ. ಅಷ್ಟು ವೇಗದಲ್ಲಿ ಪ್ಯಾರಾಚೂಟ್ ಬಿಚ್ಚಿದರೆ ಜಗ್ಗುವಿಕೆ ಅಪಾಯಕಾರಿ. ಅದಕ್ಕೇ ಶಿಕ್ಷಕ ಜಿಗಿದ ಕೆಲವೇ ಸೆಕೆಂಡುಗಳಲ್ಲಿ ‘ಡ್ರೋಗ್’ ಎಂಬ ಪುಟ್ಟ ಪ್ಯಾರಾಚೂಟನ್ನು ಹಿಂದಕ್ಕೆ ಎಸೆಯುತ್ತಾನೆ. ಅದು ಬಾಲದಂತೆ ಹಿಂದೆ ನಿಂತು ಇಬ್ಬರ ವೇಗವನ್ನು ಒಬ್ಬರ ವೇಗಕ್ಕೆ ತಗ್ಗಿಸುತ್ತದೆ. ಪುಷ್ಪಕ್‌ನ ಬಾಲದಲ್ಲಿ ಅರಳಿದ್ದೂ ಇದೇ ತತ್ತ್ವದ ಕೊಡೆ. ಅದು ನೆಲದ ಮೇಲೆ, ಇದು ಆಕಾಶದಲ್ಲಿ, ಅಷ್ಟೇ ವ್ಯತ್ಯಾಸ.

ಮೊದಲ ಸಾವಿರ ಅಡಿಗೆ ಸುಮಾರು ಹತ್ತು ಸೆಕೆಂಡು, ಆಮೇಲೆ ಪ್ರತಿ ಸಾವಿರ ಅಡಿಗೆ ಐದೂವರೆ ಸೆಕೆಂಡು. ಹತ್ತು ಸಾವಿರದಿಂದ ಐದು ಸಾವಿರ ಅಡಿಗೆ ಬರಲು ಅರ್ಧ ನಿಮಿಷ ಸಾಕು. ಮೊದಲ ಜಿಗಿತ ಎಂದು ಜನ ಜೀವಮಾನವಿಡೀ ಹೇಳಿಕೊಳ್ಳುವುದು ಈ ಅರ್ಧ ನಿಮಿಷದ ಕಥೆಯನ್ನು.

ದುರ್ಗದ ನೆತ್ತಿಯಿಂದ

ಐದು ಸಾವಿರ ಅಡಿ ಆಸುಪಾಸಿನಲ್ಲಿ ಮುಖ್ಯ ಪ್ಯಾರಾಚೂಟ್ ಬಿಚ್ಚುತ್ತದೆ. ಭೋರ್ಗರೆತ ನಿಂತು ಒಮ್ಮೆಲೇ ನಿಶ್ಶಬ್ದ. ಮಾತಾಡಿದರೆ ಕೇಳಿಸುತ್ತದೆ. ಇನ್ನು ಐದಾರು ನಿಮಿಷ ತೇಲಾಟ. ಭೂಪಟ ಎಂದರೇನೆಂದು ನಿಜವಾಗಿ ಅರ್ಥವಾಗುವುದು ಇಲ್ಲಿ.

ಇಂಥ ಜಿಗಿತ ಚಿತ್ರದುರ್ಗದ ನೆತ್ತಿಯ ಮೇಲೆ ನಡೆಯಿತೆಂದು ಕಲ್ಪಿಸಿಕೊಳ್ಳಿ. ಮೂರು ಕಿಲೋಮೀಟರ್ ಎತ್ತರದಿಂದ ದಿಗಂತ ಲೆಕ್ಕದ ಪ್ರಕಾರ 190 ಕಿ.ಮೀ. ಆಚೆಗಿರುತ್ತದೆ. ಮಬ್ಬು ಮುಸುಕಿ ಅದರಲ್ಲಿ ಅರ್ಧವೂ ಕಾಣದಿದ್ದರೂ ನೈಋತ್ಯಕ್ಕೆ ಹೊಳಲ್ಕೆರೆ, ದಕ್ಷಿಣಕ್ಕೆ ಹೊಸದುರ್ಗ, ಆಗ್ನೇಯಕ್ಕೆ ಹಿರಿಯೂರು ಮೂರೂ ಒಂದೇ ನೋಟದಲ್ಲಿ. ಬಂಡೆಬೆಟ್ಟಗಳನ್ನು ಸುತ್ತಿದ ಏಳುಸುತ್ತಿನ ಕೋಟೆ ಮಕ್ಕಳು ಮರಳಲ್ಲಿ ಗೀಚಿದ ಗೆರೆಗಳಂತೆ. ಹೊಳಲ್ಕೆರೆ ಕಡೆ ಅಡಿಕೆ ತೋಟದ ದಟ್ಟ ಹಸಿರು, ಹೊಸದುರ್ಗದ ಕಡೆ ತೆಂಗಿನ ಸಾಲು, ಚಳ್ಳಕೆರೆಯತ್ತ ತಿರುಗಿದರೆ ಒಣ ಕಂದು ನೆಲ. ಮಳೆ ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದು ಬಣ್ಣದಲ್ಲೇ ಬರೆದಿಟ್ಟಂತೆ. ಹೊಸದುರ್ಗ–ಹಿರಿಯೂರುಗಳ ನಡುವೆ ಹೊಳೆಯುವ ಹಾಳೆಯಂತೆ ವಾಣಿವಿಲಾಸ ಸಾಗರ. 1907ರಲ್ಲಿ ಪೂರ್ಣಗೊಂಡ, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಕಾಣಲು 2022ರವರೆಗೆ ಕಾದ ಆ ಜಲಾಶಯದ ಬೆಲೆ ಮೇಲಿನಿಂದ ನೋಡಿದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕಲ್ಪನೆ ಚೆನ್ನಾಗಿದೆ. ಆದರೆ ನಿಜವಾಗಿ ಜಿಗಿಯಲು ದುರ್ಗದವರು ದೂರ ಹೋಗಬೇಕು. ಪರೀಕ್ಷಾ ವಲಯದ ಆಕಾಶ ಸಾರ್ವಜನಿಕರ ಆಟಕ್ಕಿರುವುದಲ್ಲ. 2010ರ ದಶಕದಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ಚಾಮುಂಡಿಬೆಟ್ಟವನ್ನು ಕೆಳಗೆ ನೋಡುತ್ತ ಜಿಗಿದ ಕನ್ನಡಿಗರಿದ್ದಾರೆ. 2019ರ ದಸರೆಯಲ್ಲಿ ವಾಯುಪಡೆಯ ‘ಆಕಾಶಗಂಗಾ’ ತಂಡದವರು ಬನ್ನಿಮಂಟಪದ ಮೈದಾನಕ್ಕೆ ಆಕಾಶದಿಂದಿಳಿದದ್ದನ್ನು ಸಾವಿರಾರು ಜನ ಕಂಡರು.

ಗಾಳಿಯ ಊರಿನವರಿಗೆ ಒಂದು ಮಾತು

ಜೋಗಿಮಟ್ಟಿಯ ಸುತ್ತಿನ ಬೆಟ್ಟಗಳ ಮೇಲೆ, ಹಿರಿಯೂರಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಜಿಲ್ಲೆಯ ಮಕ್ಕಳೆಲ್ಲ ನೋಡಿದ್ದಾರೆ. ವಿದ್ಯುತ್ತಿಗೆ ವರವಾದ ಈ ಗಾಳಿ ಜಿಗಿಯುವವನಿಗೆ ವೈರಿ. ಗಾಳಿ ಬೆಟ್ಟವನ್ನು ದಾಟುವಾಗ ಅದರ ಮರೆಯ ಬದಿಯಲ್ಲಿ ಸುಳಿಗಳೇಳುತ್ತವೆ. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುಳಿಯಾಗುವಂತೆ. ಬಟ್ಟೆಯ ರೆಕ್ಕೆ ಅಂಥ ಸುಳಿಗೆ ಸಿಕ್ಕರೆ ಮಡಚಿಕೊಳ್ಳಬಹುದು. ನೆಲದ ಗಾಳಿ ಗಂಟೆಗೆ 35–40 ಕಿ.ಮೀ. ಮುಟ್ಟಿತೆಂದರೆ ಜೋಡಿ ಜಿಗಿತವನ್ನು ನಿಲ್ಲಿಸುವುದು ವಾಡಿಕೆ. ಮೋಡ ಕವಿದರೂ ನಿಲ್ಲಿಸುತ್ತಾರೆ. ಬೆಳಿಗ್ಗೆಯೇ ಹೋಗಿ ಸಂಜೆಯವರೆಗೆ ಕಾದು, ಜಿಗಿಯದೆ ವಾಪಸು ಬರುವವರು ಬಹಳ. ಹಾಗೆ ವಾಪಸು ಕಳಿಸುವ ಸಂಸ್ಥೆಯನ್ನು ಬೈಯಬಾರದು, ನಂಬಬೇಕು.

ಅಪಾಯ ಎಷ್ಟು?

ತಂದೆತಾಯಂದಿರು ಕೇಳುವ ಮೊದಲ ಪ್ರಶ್ನೆ ಇದೇ. ಉತ್ತರವನ್ನು ಮುಚ್ಚಿಡಬೇಕಾಗಿಲ್ಲ. ಅಮೆರಿಕದ ಪ್ಯಾರಾಚೂಟ್ ಸಂಘದ ಅಂದಾಜಿನಂತೆ ಅಲ್ಲಿ ಜೋಡಿ ಜಿಗಿತದಲ್ಲಿ ಸುಮಾರು ಐದು ಲಕ್ಷ ಜಿಗಿತಗಳಿಗೆ ಒಬ್ಬ ಹೊಸಬನ ಸಾವು ಸಂಭವಿಸಿದೆ. ಇದು ಕಡಿಮೆಯೇ. ಆದರೆ ಅದು ಆಕಾಶ ಉದಾರಿಯಾದ್ದರಿಂದ ಬಂದ ಸಂಖ್ಯೆಯಲ್ಲ, ಕಟ್ಟುನಿಟ್ಟಿನಿಂದ ಬಂದದ್ದು. ಅಲ್ಲಿ ಜೋಡಿ ಜಿಗಿತದ ಶಿಕ್ಷಕನಾಗಲು ಕನಿಷ್ಠ 500 ಜಿಗಿತ ಮತ್ತು ಮೂರು ವರ್ಷದ ಅನುಭವ ಬೇಕು. ಜಿಗಿಯುವವರಿಗೆ 18 ವರ್ಷ ತುಂಬಿರಬೇಕು. ಸರಂಜಾಮಿನಲ್ಲಿ ಒಂದು ಸ್ವಯಂಚಾಲಿತ ಉಪಕರಣವಿರುತ್ತದೆ. ಶಿಕ್ಷಕ ಎಚ್ಚರ ತಪ್ಪಿದರೂ, ಸುಮಾರು 1,900 ಅಡಿಯಲ್ಲಿ ಇನ್ನೂ ವೇಗವಾಗಿ ಬೀಳುತ್ತಿದ್ದರೆ ಅದು ಗಾಳಿಯ ಒತ್ತಡದಿಂದಲೇ ಅಪಾಯವನ್ನು ಅರಿತು ಆಪತ್ತಿನ ಪ್ಯಾರಾಚೂಟನ್ನು ಬಿಚ್ಚುತ್ತದೆ.

ಈ ಕಟ್ಟುನಿಟ್ಟು ತಪ್ಪಿದಲ್ಲಿ ಏನಾಗುತ್ತದೆಂಬುದಕ್ಕೂ ಉದಾಹರಣೆ ದೂರವಿಲ್ಲ. 2012ರಲ್ಲಿ ತಮಿಳುನಾಡಿನ ಸೇಲಂನಲ್ಲಿ ಮೊದಲ ಬಾರಿ, ಜೋಡಿಯಾಗಿ ಅಲ್ಲ, ಒಂಟಿಯಾಗಿ ಜಿಗಿದ ಯುವತಿಯೊಬ್ಬರು ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಪ್ರಾಣ ಕಳೆದುಕೊಂಡರು. ಇಂಥ ಕ್ರೀಡೆಗಳನ್ನು ನಿಯಮದ ಚೌಕಟ್ಟಿಗೆ ತರಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿಯನ್ನು ಪ್ರಕಟಿಸಿತು.

ಹಾಗಾದರೆ ಹಣ ಕಟ್ಟುವ ಮೊದಲು ಕೇಳಬೇಕಾದದ್ದೇನು? ಸಂಸ್ಥೆಗೆ ಅನುಮತಿ ಇದೆಯೆ? ಶಿಕ್ಷಕನ ಪರವಾನಗಿ ಎಲ್ಲಿಯದು, ಎಷ್ಟು ಜಿಗಿದಿದ್ದಾನೆ? ಆಪತ್ತಿನ ಪ್ಯಾರಾಚೂಟನ್ನು ಕಡೆಯ ಬಾರಿ ಬಿಚ್ಚಿ ಮಡಚಿದ್ದು ಯಾವಾಗ? ಸ್ವಯಂಚಾಲಿತ ಉಪಕರಣ ಉಂಟೆ? ಇವಕ್ಕೆ ನೇರ ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬರುವುದೇ ಜಾಣತನ. ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ, ಬೆನ್ನುಹುರಿಯ ನೋವು, ಹಿಂದೆ ಭುಜ ಜಾರಿದ್ದು ಇವುಗಳನ್ನು ಮುಚ್ಚಿಡಕೂಡದು. ನೆಗಡಿಯಿದ್ದರೂ ಆ ದಿನ ಬೇಡ. ಮೂಗು–ಕಿವಿಯ ನಡುವಿನ ನಾಳ ಕಟ್ಟಿಕೊಂಡಿದ್ದರೆ, ಅಷ್ಟು ಬೇಗ ಬದಲಾಗುವ ಒತ್ತಡಕ್ಕೆ ಕಿವಿ ಸಿಡಿಯುವಂತೆ ನೋಯುತ್ತದೆ.

ಮನೆಯ ಮಾಳಿಗೆಯಲ್ಲಿ

ಹದಿನೆಂಟಾಗದ ಮಕ್ಕಳು ಏನು ಮಾಡಬೇಕು? ಖಂಡಿತ ಮಾಡಬಾರದ್ದು ಒಂದಿದೆ: ಛತ್ರಿ ಹಿಡಿದು ಮಾಳಿಗೆಯಿಂದ ಹಾರುವುದು. ಒಂದು ಮೀಟರ್ ಅಗಲದ ಛತ್ರಿ ಮುರಿಯದೆ ಉಳಿಯಿತೆಂದೇ ಇಟ್ಟುಕೊಂಡರೂ 40 ಕಿಲೋ ತೂಕದ ಹುಡುಗನ ಅಂತಿಮ ವೇಗ ಗಂಟೆಗೆ ಸುಮಾರು 90 ಕಿ.ಮೀ. ಆಗುತ್ತದೆ. ಮಾಳಿಗೆಯ ಎತ್ತರದಲ್ಲಂತೂ ಛತ್ರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಛತ್ರಿಯ ಹರವು ಒಂದು ಚದರ ಮೀಟರಿಗಿಂತ ಕಡಿಮೆ. ಜೋಡಿ ಜಿಗಿತದ ಪ್ಯಾರಾಚೂಟಿನದು ಮೂವತ್ತಕ್ಕೂ ಹೆಚ್ಚು. ದುರ್ಗದ ಕೋಟೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನೋಡಿ ಚಪ್ಪಾಳೆ ತಟ್ಟಬೇಕು, ಅನುಕರಿಸಬಾರದು, ಇದೂ ಹಾಗೆಯೇ.

ಮಾಡಬಹುದಾದದ್ದು ಇದು. ಒಂದು ಕರವಸ್ತ್ರ, ನಾಲ್ಕು ಮೂಲೆಗೆ ಸಮ ಉದ್ದದ ದಾರ, ತುದಿಗೆ ಒಂದು ಸಣ್ಣ ಕಲ್ಲು. ಮಾಳಿಗೆಯಿಂದ ಬಿಟ್ಟು ಗಡಿಯಾರದಲ್ಲಿ ಸೆಕೆಂಡು ಎಣಿಸಿ. ಕಲ್ಲಿನ ಭಾರ ಇಮ್ಮಡಿ ಮಾಡಿ ಮತ್ತೆ ಎಣಿಸಿ. ಹಳೆಯ ಕರವಸ್ತ್ರದ ನಡುವೆ ಕಾಸಿನಗಲದ ತೂತು ಮಾಡಿ, ಗಾರ್ನರಾಂನ ತೂಗಾಟ ಕಡಿಮೆಯಾಯಿತೇ ನೋಡಿ. ಖರ್ಚು ಒಂದು ಕರವಸ್ತ್ರ.

ಖರ್ಚಿನ ಮಾತೂ ಇಲ್ಲಿ ಬರಲಿ. ಒಂದು ಜೋಡಿ ಜಿಗಿತಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಮಳೆ ನಂಬಿದ ಮನೆಗಳಲ್ಲಿ ಅದು ಒಂದು ವರ್ಷದ ಕಾಲೇಜು ಶುಲ್ಕ. ಆದರೆ ಆಕಾಶಕ್ಕೆ ಬೇರೆ ದಾರಿಗಳೂ ಇವೆ. ಎನ್.ಸಿ.ಸಿ.ಯಲ್ಲಿ ಆಯ್ಕೆಯಾದ ಕೆಡೆಟ್‌ಗಳಿಗೆ, ಹುಡುಗಿಯರಿಗೂ ಸಹ, ಆಗ್ರಾದಲ್ಲಿ ಪ್ಯಾರಾಚೂಟ್ ತರಬೇತಿ ಕೊಡುತ್ತಾರೆ. ಜಿಗಿಯದೆಯೇ ಪ್ಯಾರಾಚೂಟಿನ ಜೊತೆ ಬದುಕುವ ದಾರಿಯೂ ಉಂಟು. 2025ರ ಅಕ್ಟೋಬರ್‌ನಲ್ಲಿ ವಾಯುಪಡೆಯ ಪರೀಕ್ಷಾ ಜಿಗಿತಗಾರರು 32,000 ಅಡಿಯಿಂದ ಧರಿಸಿ ಜಿಗಿದ ಪ್ಯಾರಾಚೂಟ್ ವ್ಯವಸ್ಥೆಯನ್ನು ಆಗ್ರಾ ಮತ್ತು ಬೆಂಗಳೂರಿನ ಡಿ.ಆರ್.ಡಿ.ಓ. ಪ್ರಯೋಗಾಲಯಗಳು ಸೇರಿ ರೂಪಿಸಿವೆ. ಅದೇ ವರ್ಷ ಆಗಸ್ಟ್ 24ರಂದು ಶ್ರೀಹರಿಕೋಟಾದ ಬಳಿ ಸುಮಾರು 4.8 ಟನ್ ತೂಕದ ಗಗನಯಾನ ಮಾದರಿ ಕೋಶವನ್ನು ಚಿನೂಕ್ ಮೂರು ಕಿಲೋಮೀಟರ್ ಮೇಲಿಂದ ಬಿಟ್ಟಾಗ ಪ್ಯಾರಾಚೂಟುಗಳು ಅದನ್ನು ಕಡಲಿಗೆ ಮೆಲ್ಲನೆ ಇಳಿಸಿದವು. ನಾಳೆ ಗಗನಯಾತ್ರಿಗಳು ಆ ಬಟ್ಟೆ, ಆ ಹಗ್ಗಗಳನ್ನೇ ನೆಚ್ಚಿ ಮನೆಗೆ ಮರಳಬೇಕು.

ಪುಣೆಯ ಶೀತಲ್ ಮಹಾಜನ್ 2004ರ ಏಪ್ರಿಲ್‌ನಲ್ಲಿ ತಮ್ಮ ಜೀವನದ ಮೊದಲ ಜಿಗಿತವನ್ನೇ ಉತ್ತರ ಧ್ರುವದ ಮಂಜಿನ ಮೇಲೆ ಜಿಗಿದರು. 2011ರಲ್ಲಿ ಪದ್ಮಶ್ರೀ ಪಡೆದರು. ಎಲ್ಲರೂ ಶೀತಲ್ ಆಗಬೇಕಾಗಿಲ್ಲ. ಬಾಗಿಲಿನವರೆಗೆ ಹೋಗಿ ‘ಬೇಡ’ ಎಂದು ತಲೆಯಾಡಿಸಿದವರನ್ನು ಒಳ್ಳೆಯ ಶಿಕ್ಷಕ ತಳ್ಳುವುದಿಲ್ಲ, ವಿಮಾನದಲ್ಲೇ ಇಳಿಸಿಕೊಂಡು ಬರುತ್ತಾನೆ. ಅದರಲ್ಲಿ ಅವಮಾನವೇನೂ ಇಲ್ಲ.

ಹದಿನೆಂಟು ತುಂಬಿದ ಮೇಲೆ ಒಪ್ಪಿಗೆ ಪತ್ರದ ಮೇಲಿನ ಸಹಿ ಮಗನದೇ, ಮಗಳದೇ. ಅಪ್ಪ ಅಮ್ಮನ ಸಹಿಗೆ ಅಲ್ಲಿ ಜಾಗವಿರುವುದಿಲ್ಲ. ಆ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ, ಅನುಮಾನ ಬಂದಲ್ಲಿ ಕೇಳುವ, ಉತ್ತರ ಸರಿಬಾರದಿದ್ದರೆ ಪೆನ್ನು ಕೆಳಗಿಡುವ ಅಭ್ಯಾಸವನ್ನು ಅಷ್ಟರೊಳಗೆ ಮನೆಯಲ್ಲಿ ಕಲಿಸಿರಬೇಕು.